ಪಾತ್ರಾಪಾತ್ರ

‘ಪಾತ್ರ’ ಎಂಬ ಶಬ್ದವನ್ನು ತರಗತಿಯಲ್ಲಿ ಬಿಡಿಸಿ ಹೇಳುವ ಸಂದರ್ಭ ಬಂದಾಗಲೆಲ್ಲ ನನಗೆ ಒಂದು ಬಗೆಯ ಸಂತೋಷ. ಕುಡಿಯುವುದೆಂಬ ಅರ್ಥದ ‘ಪಾ’ ಧಾತುವಿನಿಂದ ಹುಟ್ಟಿದ ಈ ಮಾತು ನೀರು ಕುಡಿಯುವ ಸಾಧನವನ್ನು ಹೇಳುತ್ತದೆ. ನೀರು ತುಂಬಿಡುವ ಸಾಧನವನ್ನೂ ಹೇಳುತ್ತದೆ. ನೀರು ಹರಿಯುವ ಹಾಸು ನದೀಪಾತ್ರವಾಯಿತು. ರಂಗದ ಮೇಲೆ ಬಂದು ನಿಲ್ಲುವ ರಾಮ ರಾವಣರು ಪಾತ್ರಗಳಾದರು. ದಾನವನ್ನು ಪಡೆಯುವ ಯೋಗ್ಯತೆಯುಳ್ಳವನು ಸತ್ಪಾತ್ರನಾದನು. ಕಾಪಾಡುವುದೆಂಬ ಅರ್ಥದ ಇನ್ನೊಂದು ‘ಪಾ’ ಧಾತುವೂ ಉಂಟು. ತನ್ನೊಳಗೆ ಇಟ್ಟುದನ್ನು ಕಾಪಾಡುವುದು ಯಾವುದೋ ಅದು ಪಾತ್ರೆ ಎಂದು ಬಗೆದರೂ ಅರ್ಥ ಕೆಡುವುದಿಲ್ಲ. ಇಷ್ಟನ್ನೆಲ್ಲ ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದ ನಾನು, ಪಾತ್ರೆಯೊಂದನ್ನು ಆರಿಸಿಕೊಡುವ ಹೊಣೆ ನನ್ನ ಮೇಲೆಯೇ ಬಿದ್ದಾಗ ಎಡವಿದೆ. ಹಾಗೆ ಎಡವಿದ್ದರಿಂದ ಒಂದಿಷ್ಟು ಜೀವಗಳು ಹೋದವು. ಅವು ಸಣ್ಣ ಜೀವಗಳು, ಆದರೂ ಜೀವಗಳು. ಆ ಪ್ರಸಂಗವನ್ನೂ ಅದರಿಂದ ಕಲಿತ ಪಾಠವನ್ನೂ ವಾಚಕರ ಮುಂದೆ ಇಡುವುದು ಈ ಬರಹದ ಉದ್ದೇಶ.

ನನ್ನ ಅಕ್ಕನನ್ನು ಕೊಟ್ಟಿರುವುದು ಹೊಸನಗರ ತಾಲ್ಲೂಕಿನ ಹುಲಿಕಲ್ಲಿಗೆ ಸಮೀಪದ ಒಂದು ತೋಟದ ಮನೆಗೆ. ಹುಲಿಕಲ್ಲೆಂದರೆ ಮಳೆಯ ತವರು. ವರ್ಷದ ಮಳೆ ಏಳು ಸಾವಿರ ಮಿಲಿಮೀಟರನ್ನು ದಾಟುವುದು ಅಲ್ಲಿ ಅಪರೂಪವಲ್ಲ. ನಾಡಿನಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳವೆಂಬ ಹೆಸರಿಗಾಗಿ ಆಗುಂಬೆಗೂ ಅದಕ್ಕೂ ವರ್ಷ ವರ್ಷವೂ ಪೈಪೋಟಿ. ಅಲ್ಲಿಂದ ಬಾಳೆಬರೆ ಘಟ್ಟವನ್ನಿಳಿದರೆ ಹೊಸಂಗಡಿ. ಇನ್ನೂ ಮುಂದೆ ಹೋದರೆ ಕುಂದಾಪುರ, ಗಂಗೊಳ್ಳಿ, ಕಡಲು. ಘಟ್ಟದ ನೆತ್ತಿಯ ಮೇಲೆ ಬಿದ್ದ ಹನಿ ವಾರಾಹಿಯ ಪಾತ್ರವನ್ನು ಹಿಡಿದೋ ಚಕ್ರಾ ನದಿಯ ಪಾತ್ರವನ್ನು ಹಿಡಿದೋ ಹೋಗಿ ಪಂಚಗಂಗಾವಳಿಯಲ್ಲಿ ಕೂಡಿಕೊಂಡು ಅರಬ್ಬೀ ಸಮುದ್ರವನ್ನು ಸೇರುತ್ತದೆ. ನೀರು ಇಳಿದ ದಾರಿಯಲ್ಲಿಯೇ ಉಪ್ಪು ಮೇಲೇರುತ್ತಿತ್ತು. ಇಂದು ನಗರವೆಂದು ಕರೆಯುವ ಬಿದನೂರು ಕೆಳದಿಯ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ, ೧೭೬೩ರಲ್ಲಿ ಹೈದರಾಲಿಯ ಕೈಗೆ ಅದು ಬೀಳುವವರೆಗೂ ಅದರ ನಂತರವೂ, ಮೆಣಸು ಅಕ್ಕಿಗಳು ಘಟ್ಟವಿಳಿದು ಬಂದರುಗಳಿಗೆ ಹೋಗುತ್ತಿದ್ದವು. ಉಪ್ಪು ಎತ್ತಿನ ಬೆನ್ನೇರಿ ಮೇಲೆ ಬರುತ್ತಿತ್ತು. ಆದರೆ ಕಡಲ ನೀರನ್ನೇ ಹೊತ್ತು ತಂದವರು ಆ ದಾರಿಯಲ್ಲಿ ಹಿಂದೆಂದಾದರೂ ಇದ್ದರೋ ಇಲ್ಲವೋ. ಆ ಕೆಲಸವನ್ನು ಮಾಡಿದವನು ಅಕ್ಕನ ಮಗ.

ಅವನು ಪದವಿ ತರಗತಿಯಲ್ಲಿ ಪ್ರಾಣಿಶಾಸ್ತ್ರವನ್ನು ಓದುತ್ತಿರುವ ಹುಡುಗ. ಮನೆಯ ಜಗಲಿಗೆ ತಾಗಿದ ಕೋಣೆಯಲ್ಲಿ ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದನ್ನಿಟ್ಟು ಅದರಲ್ಲಿ ಉಪ್ಪುನೀರಿನ ಸಂಸಾರವೊಂದನ್ನು ಹೂಡಿದ್ದನು. ಕಿತ್ತಳೆ ಬಣ್ಣದ ಮೈಮೇಲೆ ಬಿಳಿಯ ಪಟ್ಟೆ ಎಳೆದಂತಿರುವ ಎರಡು ಕ್ಲೌನ್ ಮೀನುಗಳು. ಕಡಲ ದಡದ ಬಂಡೆಗಳ ನಡುವಣ ಗುಂಡಿಗಳಿಂದ ಅವನೇ ಹಿಡಿದು ತಂದ ಆರು ಸಿಗಡಿಗಳು. ಸತ್ತ ಶಂಖದ ಚಿಪ್ಪನ್ನು ಮನೆ ಮಾಡಿಕೊಂಡು ಅದನ್ನೇ ಎಳೆದುಕೊಂಡು ತಿರುಗುವ ಸನ್ಯಾಸಿ ಏಡಿಗಳು ನಾಲ್ಕು. ಹವಳವನ್ನಾಗಲಿ ಕಡಲಕುದುರೆಯನ್ನಾಗಲಿ ಇಟ್ಟಿರಲಿಲ್ಲ. ಅವು ೨೦೦೧ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ ಎಂಬುದನ್ನು ಅವನೇ ನನಗೆ ತಿಳಿಸಿದನು. ಕ್ಲೌನ್ ಮೀನುಗಳೂ ಕಡಲಿನಿಂದ ಹಿಡಿದವಲ್ಲ, ಮರಿಕೇಂದ್ರದಲ್ಲಿ ಹುಟ್ಟಿದವು. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಮೀನುಗಳಿಗೆ ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ.

ಬೇಸಗೆಯ ರಜೆಯಲ್ಲಿ ನಾನು ಹೋದಾಗ ಅವನು ಕಡಲ ನೀರನ್ನು ತರುವ ಸನ್ನಾಹದಲ್ಲಿದ್ದನು. ಮಳೆಗಾಲದಲ್ಲಿ ಕರಾವಳಿಯ ನೀರು ಹೊಳೆಗಳ ಸಿಹಿನೀರಿನಿಂದ ತೆಳುವಾಗಿ, ಕೆಸರಾಗಿ, ತೊಟ್ಟಿಗೆ ಒದಗುವುದಿಲ್ಲ. ಆದುದರಿಂದ ಮಳೆ ಹಿಡಿಯುವ ಮೊದಲೇ ಅಳಿವೆಯಿಂದ ದೂರದ ತಿಳಿನೀರನ್ನು ದೋಣಿಯವರಿಂದ ತುಂಬಿಸಿಕೊಂಡು ಬಂದು ಮುಂದಿನ ನಾಲ್ಕು ತಿಂಗಳಿಗೆ ಕೂಡಿಡಬೇಕು. ನೀರನ್ನು ತರಲು ಇಪ್ಪತ್ತು ಲೀಟರಿನ ಕ್ಯಾನುಗಳಿದ್ದವು. ಕೂಡಿಡಲು ಏನು?

“ಮಾವ, ದೊಡ್ಡದೊಂದು ಡ್ರಮ್ಮು ಬೇಕಲ್ಲ” ಎಂದನು.

ಅಡಿಕೆ ಒಣಗಿಸುವ ಅಂಗಳದ ಹಿಂದಿನ ಕೊಟ್ಟಿಗೆಯಲ್ಲಿ ನೂರು ಲೀಟರಿನ ನೀಲಿ ಡ್ರಮ್ಮೊಂದು ಬೋರಲಾಗಿ ಬಿದ್ದಿತ್ತು. ಹೊಸದಕ್ಕೆ ದುಡ್ಡು ಸುರಿಯುವುದೇಕೆ ಎಂದು ಅದನ್ನು ಎಳೆದು ತಂದವನು ನಾನು. ಮೂರು ಬಾರಿ ತೊಳೆದೆ, ಬಿಸಿಲಿಗಿಟ್ಟೆ, ಒಳಗೆ ತಲೆಹಾಕಿ ಮೂಸಿ ನೋಡಿದೆ. ಯಾವ ವಾಸನೆಯೂ ಇರಲಿಲ್ಲ. ಕಣ್ಣಿಗೆ ಯಾವ ಕಲೆಯೂ ಕಾಣಲಿಲ್ಲ. “ಇದಕ್ಕಿಂತ ಶುದ್ಧ ಬೇಕೇನೋ?” ಎಂದು ಹುಡುಗನನ್ನು ಕೇಳಿದೆ. ಅವನು ಕಾಲೇಜು ಮೇಷ್ಟ್ರಾದ ಮಾವನ ಮಾತನ್ನು ನಂಬಿದನು.

ತಿಂಗಳೊಂದು ಕಳೆಯಿತು. ಅವನು ಡ್ರಮ್ಮಿನ ನೀರನ್ನು ಸೋಸಿ ತೊಟ್ಟಿಯ ಅರ್ಧ ನೀರನ್ನು ಬದಲಿಸಿದನು. ಆ ರಾತ್ರಿ ಏಡಿಗಳು ಚಿಪ್ಪಿನಿಂದ ಹೊರಗೆ ಬಂದು ಮರಳಿನ ಮೇಲೆ ಬಿದ್ದವು. ಬೆಳಗಾಗುವುದರೊಳಗೆ ಆರು ಸಿಗಡಿಗಳೂ ಸತ್ತಿದ್ದವು. ಮೀನುಗಳಿಗೆ ಮಾತ್ರ ಏನೂ ಆಗಿರಲಿಲ್ಲ.

“ಮೀನು ಎರಡೂ ಚೆನ್ನಾಗಿಯೇ ಇವೆ, ಮಾವ. ಉಳಿದದ್ದು ಒಂದೂ ಇಲ್ಲ” ಎಂದು ಅವನು ದೂರವಾಣಿಯಲ್ಲಿ ಹೇಳಿದಾಗ ಅವನ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಒಗಟೊಂದರ ಮುಂದೆ ನಿಂತವನ ಬೆರಗಿತ್ತು. ಒಗಟನ್ನು ಬಿಡಿಸಿದವಳು ಅಕ್ಕ. ಪಕ್ಕದಲ್ಲಿ ನಿಂತು ಕೇಳುತ್ತಿದ್ದವಳು ಅಲ್ಲಿಂದಲೇ ಕೂಗಿದಳು: “ನಿನ್ನ ಭಾವ ಹೋದ ವರ್ಷ ಮೈಲುತುತ್ತ ಕದಡಿದ್ದು ಅದರಲ್ಲೇ ಅಲ್ಲವೇನೋ?”

ತೋಟದ ಸೀಮೆಯವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಉಳಿದ ವಾಚಕರಿಗಾಗಿ ಎರಡು ಮಾತು. ಮಳೆಗಾಲದಲ್ಲಿ ಅಡಿಕೆಯ ಕೊನೆಗಳಿಗೆ ತಗಲುವ ಕೊಳೆರೋಗಕ್ಕೆ ಮಲೆನಾಡಿನವರು ಬೋರ್ಡೋ ದ್ರಾವಣವನ್ನು ಹೊಡೆಯುತ್ತಾರೆ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು: ಇದು ಅದರ ಹದ. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ಈ ಮದ್ದಿನ ಗುಣವನ್ನು ಗುರುತಿಸಿ ೧೮೮೫ರಲ್ಲಿ ಲೋಕಕ್ಕೆ ತಿಳಿಸಿದವನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ. ನಮ್ಮ ಮೈಸೂರು ಸಂಸ್ಥಾನಕ್ಕೆ ೧೯೦೮ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಕಾರಣವನ್ನು ಶೋಧಿಸಿ ೧೯೧೦ರಲ್ಲಿ ಅದರ ಮೇಲೆ ಗ್ರಂಥವನ್ನೇ ಪ್ರಕಟಿಸಿದರು; ಬೋರ್ಡೋ ದ್ರಾವಣದಿಂದ ಅದನ್ನು ತಡೆಯುವ ಮಾರ್ಗವನ್ನೂ ತೋರಿಸಿದರು. ನೂರು ವರ್ಷಕ್ಕೂ ಮೀರಿ ಮಲೆನಾಡಿನ ಅನ್ನವನ್ನು ಉಳಿಸಿಕೊಟ್ಟಿರುವ ಮದ್ದು ಅದು. ಅದನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಅದರ ಜೀವಾಳವೇ ತಾಮ್ರ. ಬೂಷ್ಟಿನ ಜಾತಿಗೆ ಯಾವುದು ಯಮನೋ ಸಿಗಡಿ ಏಡಿಗಳಿಗೂ ಅದೇ ಯಮ.

ಲೆಕ್ಕವನ್ನು ಹುಡುಗನೇ ಹಾಕಿದನು. ಮೈಲುತುತ್ತದಲ್ಲಿ ಸುಮಾರು ಕಾಲುಪಾಲು ತಾಮ್ರ. ಹಾಗಾದರೆ ಒಂದು ಲೀಟರು ದ್ರಾವಣದಲ್ಲಿ ಸುಮಾರು ಎರಡೂವರೆ ಗ್ರಾಮು ತಾಮ್ರವಿರುತ್ತದೆ. ಲೋಟದಷ್ಟು, ಎಂದರೆ ೨೦೦ ಮಿಲಿಲೀಟರು, ದ್ರಾವಣ ಡ್ರಮ್ಮಿನ ತಳದ ಸಂದಿನಲ್ಲಿ ಒಣಗಿ ಹೊಪ್ಪಳೆಯಾಗಿ ಉಳಿದಿತ್ತೆಂದು ಇಟ್ಟುಕೊಳ್ಳೋಣ. ಅದರಲ್ಲಿ ೫೦೦ ಮಿಲಿಗ್ರಾಮು ತಾಮ್ರ. ಅದರ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ನೂರು ಲೀಟರಿನಲ್ಲಿ ಕರಗಿದರೂ ಲೀಟರಿಗೆ ೦.೨೫ ಮಿಲಿಗ್ರಾಮಾಯಿತು. ಮೀನಿನ ಮೈಗೆ ಹತ್ತುವ ಪರೋಪಜೀವಿಗಳನ್ನು ಕೊಲ್ಲಲು ಮೀನು ಸಾಕುವವರು ಬೇಕೆಂದೇ ನೀರಿಗೆ ತಾಮ್ರವನ್ನು ಬೆರೆಸುವುದುಂಟು; ಅದರ ಪ್ರಮಾಣ ಲೀಟರಿಗೆ ೦.೧೫ರಿಂದ ೦.೨೦ ಮಿಲಿಗ್ರಾಮು. ಆ ಚಿಕಿತ್ಸೆಯನ್ನು ಮಾಡುವಾಗ ಸಿಗಡಿ, ಏಡಿ, ಶಂಖದ ಹುಳುಗಳನ್ನು ಬೇರೆಡೆಗೆ ಸಾಗಿಸಲೇಬೇಕೆಂಬುದು ಮೊದಲನೆಯ ನಿಯಮ. ಮೀನು ತಡೆದುಕೊಂಡು ಸಿಗಡಿ ಸತ್ತದ್ದೇಕೆ ಎಂಬ ಒಗಟು ಇಲ್ಲಿಗೆ ಬಿಡಿಸಿತು. ಪೇಟೆಯಿಂದ ಪರೀಕ್ಷೆಯ ಹನಿಮದ್ದನ್ನು ತರಿಸಿ ನೀರಿಗೆ ಹಾಕಿದಾಗ ಬಣ್ಣವೂ ಅದನ್ನೇ ಹೇಳಿತು.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಬೋರ್ಡೋ ದ್ರಾವಣದ ಬಣ್ಣ ಆಕಾಶನೀಲಿ. ಡ್ರಮ್ಮೂ ನೀಲಿ. ಬಿಳಿಯ ಡ್ರಮ್ಮಾಗಿದ್ದರೆ ಕಲೆ ಎದ್ದು ಕಾಣುತ್ತಿತ್ತು. ತಾಮ್ರಕ್ಕೆ ವಾಸನೆಯಿಲ್ಲ, ನಾನು ನಂಬಿದ್ದು ಮೂಗನ್ನು. ಕಣ್ಣಿಗೆ ಕಾಣದ್ದು, ಮೂಗಿಗೆ ತಿಳಿಯದ್ದು ಇಲ್ಲವೇ ಇಲ್ಲವೆಂದು ತೀರ್ಮಾನಿಸಿದೆ. ಅದರ ಹಿಂದಿನ ಸಂಗತಿಯೇನೆಂದು ಮನೆಯವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ಅದನ್ನೇ ಮಾಡಲಿಲ್ಲ.

ರಜೆ ಮುಗಿಯುವ ಮೊದಲು ಮತ್ತೊಮ್ಮೆ ಹೋದೆ. ಅಕ್ಕನ ಅತ್ತೆಯವರು ಎಂಬತ್ತನ್ನು ದಾಟಿದವರು. ಅಡುಗೆಮನೆಯ ನಡುವಣ ಕತ್ತಲೆಯಲ್ಲಿ ಪಿಂಗಾಣಿ ಭರಣಿಗಳ ಸಾಲಿನ ಪಕ್ಕದಲ್ಲಿ ಕುಳಿತು ಅಪ್ಪೆಮಿಡಿಗೆ ಉಪ್ಪು ಬೆರೆಸುತ್ತಿದ್ದರು. ನಡೆದದ್ದೆಲ್ಲವೂ ಅವರ ಕಿವಿಗೆ ಬಿದ್ದಿತ್ತು.

“ಏನು ಮೇಷ್ಟ್ರೇ, ಉಪ್ಪುನೀರಿಗೆ ತಾಮ್ರ ಮುಟ್ಟಿಸುತ್ತಾರೆಯೆ? ಮಿಡಿಯೇ ತಡೆಯುವುದಿಲ್ಲ, ಜೀವ ತಡೆಯುತ್ತದೆಯೆ?” ಎಂದರು.

ನಾನು ನಕ್ಕು ಸುಮ್ಮನಾಗಬೇಕಾಯಿತು. ನನಗೆ ರಸಾಯನಶಾಸ್ತ್ರದಿಂದ ತಿಳಿಯಬೇಕಾಗಿದ್ದುದು ಆಕೆಗೆ ಉಪ್ಪಿನಕಾಯಿಯಿಂದ ತಿಳಿದಿತ್ತು. ಬೆಟ್ಟದ ಮಿಡಿಯೂ ಕಡಲ ಉಪ್ಪೂ ಕೂಡುವ ಪಾತ್ರೆ ಎಂಥದಿರಬೇಕೆಂಬುದನ್ನು ಮಲೆನಾಡಿನ ಹೆಂಗಸರು ಬಹುಕಾಲದ ಹಿಂದೆಯೇ ಗೊತ್ತುಮಾಡಿದ್ದಾರೆ. ಉಪ್ಪಿಗೆ ಮರದ ಮರಿಗೆ. ಮಿಡಿಗೆ ಪಿಂಗಾಣಿ ಭರಣಿ. ಹುಳಿ ಕದಡಲು ಕಲ್ಲುಮರಿಗೆ. ಕುಡಿಯುವ ನೀರಿಗೆ ತಾಮ್ರದ ಕೊಡ, ಸ್ನಾನದ ನೀರಿಗೆ ಬಚ್ಚಲಿನ ತಾಮ್ರದ ಹಂಡೆ. ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಮಾಡಬೇಕಾದರೆ ಕಲಾಯಿ ಹಾಕಿಸಿರಬೇಕು, ಇಲ್ಲದಿದ್ದರೆ ಕಿಲುಬುತ್ತದೆ. ಕೊಡ, ಬಿಂದಿಗೆ, ಹಂಡೆ, ಗುಡಾಣ, ಹರವಿ, ಬಾನಿ, ಕೊಪ್ಪರಿಗೆ, ಗಿಂಡಿ ಎಂದು ನಮ್ಮ ಭಾಷೆಯಲ್ಲಿ ಪಾತ್ರೆಗಳಿಗೆ ಇಷ್ಟೊಂದು ಹೆಸರುಗಳಿರುವುದು ಆಕಾರದ ಬೇಧವನ್ನು ಹೇಳಲಿಕ್ಕೆ ಮಾತ್ರವಲ್ಲ. ಯಾವುದರಲ್ಲಿ ಏನನ್ನಿಡಬಹುದು, ಏನನ್ನಿಡಬಾರದು ಎಂಬ ತಿಳಿವಳಿಕೆಯೂ ಆ ಹೆಸರುಗಳ ಜೊತೆಯಲ್ಲಿಯೇ ಬಂದಿದೆ. ‘ಡ್ರಮ್ಮು’ ಎಂಬ ಒಂದೇ ಹೆಸರಿನಲ್ಲಿ ಎಲ್ಲವನ್ನೂ ಅಡಗಿಸಿದಾಗ ಆ ತಿಳಿವಳಿಕೆಗೆ ಜಾಗವಿಲ್ಲದಂತಾಯಿತು.

ತಾಮ್ರವೇನೂ ನೀಚ ಲೋಹವಲ್ಲ. ದೇವರ ಪೂಜೆಗೆ ಅದು ಬೇಕು. ಅದರಲ್ಲಿಟ್ಟ ನೀರು ಒಳ್ಳೆಯದೆಂಬ ನಂಬಿಕೆ ಇದೆ. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿನಲ್ಲಿ ಲೀಟರಿಗೆ ೦.೦೫ ಮಿಲಿಗ್ರಾಮಿನವರೆಗೆ ತಾಮ್ರವಿರುವುದನ್ನು ಸಮ್ಮತಿಸುತ್ತದೆ. ಬೇರೆ ನೀರಿನ ಆಸರೆಯಿಲ್ಲದ ಪಕ್ಷದಲ್ಲಿ ೧.೫ ಮಿಲಿಗ್ರಾಮಿನವರೆಗೂ ಸಹಿಸುತ್ತದೆ. ಮನುಷ್ಯನು ನಿರಾತಂಕವಾಗಿ ಕುಡಿಯಬಹುದಾದ ನೀರಿನಲ್ಲಿ ಸಿಗಡಿ ಸಾಯಬಹುದು. ವಿಚಿತ್ರವೆಂದರೆ ಸಿಗಡಿ ಏಡಿಗಳ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ತಾಮ್ರವೇ. ನಮ್ಮ ರಕ್ತದಲ್ಲಿ ಕಬ್ಬಿಣ ಮಾಡುವ ಕೆಲಸವನ್ನು ಅವುಗಳಲ್ಲಿ ಅದು ಮಾಡುತ್ತದೆ. ಒಳಗೆ ಅಳತೆಗೆ ತಕ್ಕಂತೆ ಇದ್ದಾಗ ಉಸಿರು, ಹೊರಗಿನಿಂದ ಅಳತೆ ಮೀರಿ ಬಂದಾಗ ಮೃತ್ಯು. ತೆರೆದ ಕಡಲಿನ ಮೇಲ್ನೀರಿನಲ್ಲಿ ತಾಮ್ರವಿರುವುದು ಲೀಟರಿಗೆ ಒಂದು ಮೈಕ್ರೋಗ್ರಾಮಿಗಿಂತಲೂ ಕಡಿಮೆ. ಆ ಮಿತಿಯಲ್ಲಿ ಹುಟ್ಟಿ ಬೆಳೆದ ಜೀವಕ್ಕೆ ಅದರ ನೂರಿನ್ನೂರು ಪಟ್ಟನ್ನು ಒಮ್ಮೆಲೇ ಉಣಿಸಿದ್ದೆವು.

ಪಾತ್ರೆಯಿಂದ ಮೋಸಹೋದವನು ನಾನೊಬ್ಬನೇ ಅಲ್ಲವೆಂಬುದು ಆಮೇಲೆ ತಿಳಿದುಬಂದು ಅಲ್ಪಸ್ವಲ್ಪ ಸಮಾಧಾನವಾಯಿತು. ೧೮೭೨ರಿಂದ ೧೮೭೬ರವರೆಗೆ ಭೂಮಂಡಲದ ಕಡಲುಗಳನ್ನು ಸುತ್ತಿದ ‘ಚಾಲೆಂಜರ್’ ಎಂಬ ಹಡಗು ಹಲವು ಸಮುದ್ರಗಳ ನೀರನ್ನು ಸೀಸೆಗಳಲ್ಲಿ ತುಂಬಿ ತಂದಿತು. ಡಿಟ್ಮಾರ್ ಎಂಬ ರಸಾಯನಶಾಸ್ತ್ರಜ್ಞನು ಅವುಗಳಲ್ಲಿ ೭೭ನ್ನು ಪರೀಕ್ಷಿಸಿ, ನೀರಿನ ಉಪ್ಪು ಹೆಚ್ಚುಕಡಿಮೆಯಾದರೂ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಎಲ್ಲ ಕಡಲುಗಳಲ್ಲಿಯೂ ಬಹುಮಟ್ಟಿಗೆ ಒಂದೇ ಎಂದು ೧೮೮೪ರಲ್ಲಿ ತೋರಿಸಿಕೊಟ್ಟನು. ಸಾಮಾನ್ಯವಾಗಿ ಲೀಟರಿಗೆ ೩೫ ಗ್ರಾಮಿನಷ್ಟು ಇರುವ ಈ ಲವಣಗಳ ವಿಷಯದಲ್ಲಿ ಪಾತ್ರೆಯ ದೋಷ ಅಷ್ಟಾಗಿ ಬಾಧಿಸಲಿಲ್ಲ. ಆದರೆ ತಾಮ್ರ ಸತುಗಳಂಥ ಅತ್ಯಲ್ಪ ಲೋಹಗಳನ್ನು ಅಳೆಯಹೊರಟಾಗ ಮಾತು ಬೇರೆಯಾಯಿತು. ಕಡಲಾಳದ ನೀರನ್ನೆತ್ತಲು ಬಹುಕಾಲ ಬಳಕೆಯಲ್ಲಿದ್ದುದು ನಾನ್‌ಸೆನ್ನನ ಹೆಸರಿನ ಹಿತ್ತಾಳೆಯ ಸೀಸೆ. ಹಿತ್ತಾಳೆಯೆಂದರೆ ತಾಮ್ರವೂ ಸತುವೂ ಕೂಡಿದ್ದು ತಾನೆ? ೧೯೬೬ರಲ್ಲಿ ನಿಸ್ಕಿನ್ ಎಂಬಾತ ಪ್ಲಾಸ್ಟಿಕ್ಕಿನ ಸೀಸೆಯನ್ನು ರೂಪಿಸಿದನು. ಅನಂತರ ೧೯೭೦ರ ದಶಕದಲ್ಲಿ ಪಾತ್ರೆ, ಹಗ್ಗ, ಹಡಗು, ಕೈ ಎಲ್ಲದರ ಸಂಪರ್ಕದಿಂದಲೂ ನೀರನ್ನು ಕಾಪಾಡಿ ಅಳೆಯತೊಡಗಿದಾಗ, ಹಿಂದಿನ ಅಂಕಿಗಳಲ್ಲಿ ಎಷ್ಟೋ ಹತ್ತುಪಟ್ಟು ನೂರುಪಟ್ಟು ಹೆಚ್ಚಾಗಿದ್ದವೆಂದು ಬಯಲಾಯಿತು. ಕಡಲನ್ನು ಅಳೆಯುತ್ತಿದ್ದೇವೆಂದು ನಂಬಿದ್ದ ವಿದ್ವಾಂಸರು ಎಷ್ಟೋ ಬಾರಿ ತಮ್ಮ ಪಾತ್ರೆಯನ್ನೇ ಅಳೆದಿದ್ದರು.

ಹಾಗಾದರೆ ಉಪ್ಪುನೀರಿಗೆ ಸತ್ಪಾತ್ರ ಯಾವುದು? ಈ ಪ್ರಶ್ನೆಯನ್ನು ಹಿಡಿದು ಹುಡುಗನೂ ನಾನೂ ಕೂಡಿ ವಿಚಾರಿಸಿದೆವು. ಕಂಡುಕೊಂಡುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅಪಾತ್ರಗಳ ಮಾತು. ತಾಮ್ರ ಹಿತ್ತಾಳೆಗಳು ಸಲ್ಲವೆಂದು ಮತ್ತೆ ಹೇಳಬೇಕಾಗಿಲ್ಲ. ಸತುವಿನ ಲೇಪವುಳ್ಳ ತಗಡಿನ ತೊಟ್ಟಿ, ಬಕೆಟ್ಟುಗಳೂ ಸಲ್ಲವು. ಉಪ್ಪು ಆ ಲೇಪವನ್ನು ತಿನ್ನುತ್ತದೆ, ಸತುವೂ ಸಿಗಡಿಗೆ ವಿಷ. ಅಲ್ಯೂಮಿನಿಯಮ್ಮಿನಲ್ಲಿ ತೂತು ಬೀಳುತ್ತದೆ. ಸ್ಟೀಲು ಪಾತ್ರೆ ತುಕ್ಕುಹಿಡಿಯದೆಂಬ ಹೆಸರು ಪಡೆದಿದ್ದರೂ ಉಪ್ಪುನೀರನ್ನು ತಿಂಗಳುಗಟ್ಟಲೆ ತುಂಬಿಟ್ಟರೆ ಅದರ ಮೈಯಲ್ಲಿಯೂ ಚುಕ್ಕೆ ಚುಕ್ಕೆಯಾಗಿ ಕೊರೆತ ಕಾಣಿಸುತ್ತದೆ. ಹೊಸ ಸಿಮೆಂಟಿನ ತೊಟ್ಟಿ ಸುಣ್ಣವನ್ನು ಬಿಟ್ಟು ನೀರನ್ನು ಕ್ಷಾರವಾಗಿಸುತ್ತದೆ. ಮಣ್ಣಿನ ಹರವಿ ಕುಡಿಯುವ ನೀರನ್ನು ತಂಪಾಗಿಡುವುದು ಒಸರುವುದರಿಂದ. ಉಪ್ಪುನೀರು ಒಸರಿದಲ್ಲಿ ಉಪ್ಪು ಹರಳುಗಟ್ಟಿ ಹರವಿಯ ಮೈಯನ್ನೇ ಪದರ ಪದರವಾಗಿ ಉದುರಿಸುತ್ತದೆ. ಮರದ ಪೀಪಾಯಿಯಿಂದ ಒಗರು ಬಿಡುತ್ತದೆ. ಪಿಂಗಾಣಿ ಭರಣಿ ಉತ್ತಮವೇ. ಆದರೆ ಗುರುತಿಲ್ಲದ ಹಳೆಯ ಭರಣಿಯ ಮೆರುಗಿನಲ್ಲಿ ಸೀಸವಿರಬಹುದು, ಮೇಲಾಗಿ ನೂರು ಲೀಟರು ಹಿಡಿಯುವ ಭರಣಿ ಯಾರ ಮನೆಯಲ್ಲಿದೆ?

ಉಳಿದುದು ಗಾಜು ಮತ್ತು ಪ್ಲಾಸ್ಟಿಕ್ಕು. ಗಾಜು ಎಲ್ಲಕ್ಕಿಂತ ಶುಚಿ. ಒಡೆಯುತ್ತದೆ, ಬೆಳಕನ್ನು ಒಳಗೆ ಬಿಟ್ಟು ಪಾಚಿಯನ್ನು ಬೆಳೆಸುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಎಲ್ಲವೂ ಒಂದೇ ಕುಲದವಲ್ಲ. ಪಾತ್ರೆಯ ತಳದಲ್ಲಿ ಬಾಣಗಳ ತ್ರಿಕೋನವೊಂದಿದ್ದು ಅದರೊಳಗೆ ಒಂದು ಅಂಕಿಯಿರುತ್ತದೆ. ೨ ಎಂದರೆ ಗಟ್ಟಿ ಪಾಲಿಥೀನು, ೪ ಎಂದರೆ ಮೆದು ಪಾಲಿಥೀನು, ೫ ಎಂದರೆ ಪಾಲಿಪ್ರೊಪಿಲೀನು; ಈ ಮೂರೂ ಉಪ್ಪಿಗೆ ಅಳುಕದ, ತಾವಾಗಿ ಏನನ್ನೂ ಅಷ್ಟಾಗಿ ಬಿಡದ ಜಾತಿಗಳು. ೩ ಎಂಬುದು ಪಿ.ವಿ.ಸಿ.; ಅದನ್ನು ಮೆದುಗೊಳಿಸಲು ಬೆರೆಸುವ ವಸ್ತುಗಳು ನೀರಿಗೆ ಇಳಿಯಬಹುದಾದ್ದರಿಂದ ಬಳುಕುವ ಪಿ.ವಿ.ಸಿ. ಕೂಡದು. ೭ ಎಂದರೆ ‘ಇತರೆ’. ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಇಲ್ಲೊಂದು ಎಚ್ಚರ ಬೇಕು. ಅಂಕಿ ಹೇಳುವುದು ಕುಲವನ್ನು ಮಾತ್ರ, ಶೀಲವನ್ನಲ್ಲ. ೨ ಎಂದು ಬರೆದಿದ್ದ ಮಾತ್ರಕ್ಕೆ ಅದು ಆಹಾರಕ್ಕೆ ಯೋಗ್ಯವೆಂದಾಗುವುದಿಲ್ಲ. ಅದಕ್ಕೆ ಲೋಟ ಮತ್ತು ಮುಳ್ಳುಚಮಚದ ಚಿತ್ರವಿರುವ ಬೇರೆ ಗುರುತುಂಟು. ನಾನು ಆರಿಸಿಕೊಟ್ಟ ಡ್ರಮ್ಮಿನ ತಳದಲ್ಲಿಯೂ ೨ ಎಂಬ ಅಂಕಿಯೇ ಇತ್ತು! ಮನೆಯ ಮಾಡಿನ ಮೇಲಿಡುವ ನೀರಿನ ಕಪ್ಪು ಟ್ಯಾಂಕಿಗಳಲ್ಲಿ ಐ.ಎಸ್. ೧೨೭೦೧ ಎಂಬ ಮಾನಕದ ಮುದ್ರೆಯುಳ್ಳವು ನೀರಿಗೆಂದೇ ತಯಾರಾದವು. ಅವು ಕತ್ತಲೆಯನ್ನೂ ಕೊಡುತ್ತವೆ. ಕೂಡಿಟ್ಟ ಕಡಲ ನೀರಿಗೆ ಕತ್ತಲೆ ಬೇಕು.

ಕುಲಕ್ಕಿಂತ ದೊಡ್ಡದು ಪೂರ್ವಚರಿತ್ರೆ. ಹೊಸ ಪಾತ್ರೆಯೇ ಆದರೆ ಚಿಂತೆ ಕಡಿಮೆ. ಸಾಬೂನು ಹಾಕದೆ, ಅಡುಗೆ ಸೋಡ ಬೆರೆಸಿದ ನೀರಿನಿಂದ ತೊಳೆದು, ಕೆಲವು ದಿನ ನೀರು ತುಂಬಿಟ್ಟು ಚೆಲ್ಲಿದರೆ ಅಚ್ಚಿನ ಎಣ್ಣೆ ಹೋಗುತ್ತದೆ. ಹಳೆಯದಾದರೆ ಅದರಲ್ಲಿ ಹಿಂದೆ ಏನಿತ್ತೆಂಬುದು ಖಚಿತವಾಗಿ ಗೊತ್ತಿರಬೇಕು. ಶರಬತ್ತು, ವಿನಿಗರ್ ತುಂಬಿದ್ದ ಡ್ರಮ್ಮನ್ನು ತೊಳೆದು ಬಳಸಬಹುದು. ಕೀಟನಾಶಕ, ಎಣ್ಣೆ, ಬಣ್ಣ ತುಂಬಿದ್ದನ್ನು ಎಷ್ಟು ತೊಳೆದರೂ ಬಳಸುವಂತಿಲ್ಲ. ಕೀಟನಾಶಕಗಳಲ್ಲಿ ಅನೇಕವು ಜಿಡ್ಡಿನ ಗುಣದವು. ಅವು ಪ್ಲಾಸ್ಟಿಕ್ಕಿನ ಗೋಡೆಯೊಳಕ್ಕೇ ಇಂಗಿ, ಆಮೇಲೆ ತಿಂಗಳುಗಟ್ಟಲೆ ನೀರಿಗೆ ಮೆಲ್ಲಮೆಲ್ಲನೆ ಇಳಿಯುತ್ತವೆ. ಪೂರ್ವಚರಿತ್ರೆ ತಿಳಿಯದ ಡ್ರಮ್ಮನ್ನು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವುದಕ್ಕಿಂತ ಬರಿಗೈಯಲ್ಲಿ ಬರುವುದು ಮೇಲು.

ಇನ್ನು ಕೆಲವು ಸಣ್ಣ ಸಂಗತಿಗಳು. ಪಾತ್ರೆ ಉತ್ತಮವಾಗಿದ್ದು ಅದಕ್ಕೆ ಹಿತ್ತಾಳೆಯ ನಲ್ಲಿಯನ್ನು ಕೂರಿಸಿದರೆ ಮಾಡಿದ್ದೆಲ್ಲ ವ್ಯರ್ಥ, ನಲ್ಲಿಯೂ ಪ್ಲಾಸ್ಟಿಕ್ಕಿನದಾಗಿರಬೇಕು. ತೊಟ್ಟಿಯಿಂದ ಆರಿಹೋಗುವುದು ನೀರು ಮಾತ್ರ, ಉಪ್ಪಲ್ಲ. ಆದುದರಿಂದ ದಿನದಿನದ ಕೊರತೆಯನ್ನು ಸಿಹಿನೀರಿನಿಂದಲೇ ತುಂಬಬೇಕು. ಆ ಸಿಹಿನೀರಿನ ಪಾತ್ರೆಗೂ ಇದೇ ನಿಯಮ. ಹುಲಿಕಲ್ಲಿನ ಮಳೆಯ ನೀರು ಅತ್ಯಂತ ಮೃದು, ತುಸು ಆಮ್ಲ. ಗಡಸು ನೀರಿಗಿಂತ ಅದು ಲೋಹವನ್ನು ಹೆಚ್ಚಾಗಿ ಕರಗಿಸಿಕೊಳ್ಳುತ್ತದೆ. ತಗಡಿನ ಮಾಡಿನಿಂದ ಇಳಿದದ್ದನ್ನೂ ತಾಮ್ರದ ಹಂಡೆಯಲ್ಲಿ ತಂಗಿದ್ದನ್ನೂ ಬಿಟ್ಟು ಬಯಲಿನಲ್ಲಿ ನೇರವಾಗಿ ಹಿಡಿದುದೇ ಲೇಸು. ಅಡುಗೆಯ ಉಪ್ಪನ್ನು ಸಿಹಿನೀರಿಗೆ ಬೆರೆಸಿದರೆ ಕಡಲ ನೀರಾಗದೆಂಬುದನ್ನೂ ಇಲ್ಲಿಯೇ ಹೇಳಬೇಕು. ಕಡಲ ಲವಣದಲ್ಲಿ ನೂರಕ್ಕೆ ೮೫ರಷ್ಟು ಸೋಡಿಯಮ್ಮು ಕ್ಲೋರೈಡುಗಳೇ ಆದರೂ ಉಳಿದ ಪಾಲಿನ ಮೆಗ್ನೀಸಿಯಮ್ಮು, ಕ್ಯಾಲ್ಸಿಯಮ್ಮು ಮೊದಲಾದುವಿಲ್ಲದೆ ಜೀವಗಳು ಬದುಕವು. ಪಾತ್ರೆಗೆ ಭದ್ರವಾದ ಮುಚ್ಚಳ ಬೇಕು: ಎಳೆಯ ಮಕ್ಕಳಿರುವ ಮನೆಯಲ್ಲಿ ತೆರೆದ ಡ್ರಮ್ಮು ಬಾವಿಯಷ್ಟೇ ಅಪಾಯ, ಸಿಹಿನೀರಿನದಾದರೆ ಡೆಂಗಿಯ ಸೊಳ್ಳೆಗೆ ತೊಟ್ಟಿಲು. ತೂಕವನ್ನೂ ಮರೆಯಬಾರದು. ಇನ್ನೂರು ಲೀಟರು ಕಡಲ ನೀರೆಂದರೆ ಇನ್ನೂರೈದು ಕಿಲೋ. ಹಳೆಯ ಮನೆಗಳ ಮರದ ಮೆತ್ತಿನ ಮೇಲೆ ಅದನ್ನಿಡುವುದು ವಿವೇಕವಲ್ಲ.

ಇಷ್ಟನ್ನೆಲ್ಲ ಓದಿದ ವಾಚಕರಲ್ಲಿ ಕೆಲವರು, ಗಾಜಿನ ತೊಟ್ಟಿಯ ನಾಲ್ಕು ಸಿಗಡಿಗಳಿಗಾಗಿ ಇಷ್ಟು ಮಾತೇ ಎಂದು ಕೇಳಬಹುದು. ನಾನೂ ಹಾಗೆಯೇ ಕೇಳಿಕೊಂಡಿದ್ದೆ. ಉತ್ತರ ದೊರೆತದ್ದು ಅದೇ ಊರಿನ ದಾರಿಯಲ್ಲಿ. ಮಳೆಯ ತವರಾದ ಮಲೆನಾಡಿನಲ್ಲಿಯೂ ಬೇಸಗೆಯ ಕೊನೆಗೆ ಬಾವಿ ತಳಕಾಣುವ ಮನೆಗಳಿವೆ, ಅಬ್ಬಿಯ ನೀರು ನಿಂತುಹೋಗುವ ಕೇರಿಗಳಿವೆ. ಅಂಥ ಮನೆಗಳ ಬಾಗಿಲಲ್ಲಿ ಸಾಲಾಗಿ ನಿಂತಿರುವ ಡ್ರಮ್ಮುಗಳನ್ನು ನಾನು ಅದಕ್ಕೆ ಹಿಂದೆ ಎಷ್ಟೋ ಬಾರಿ ನೋಡಿದ್ದೆ. ಅವುಗಳ ಪೂರ್ವಚರಿತ್ರೆಯ ಬಗ್ಗೆ ಯೋಚಿಸಿರಲಿಲ್ಲ. ಈ ಬಾರಿ ಒಂದರ ಮೈಮೇಲೆ ಅರ್ಧ ಹರಿದ ಚೀಟಿ ಕಾಣಿಸಿತು. ಅದರಲ್ಲಿ ಉಳಿದಿದ್ದುದು ಕೆಂಪು ತ್ರಿಕೋನದ ಒಂದು ಮೂಲೆ. ಅತಿವಿಷದ ಕೀಟನಾಶಕಗಳಿಗೆ ಹಾಕುವ ಗುರುತು. ಬಳಸಿದ ಕೀಟನಾಶಕದ ಪಾತ್ರೆಯನ್ನು ಮತ್ತೆ ಯಾರೂ ಉಪಯೋಗಿಸದಂತೆ ಒಡೆದು, ಜನವಸತಿಯಿಂದ ದೂರದಲ್ಲಿ ಹೂಳಬೇಕೆಂದು ೧೯೭೧ರ ಕೀಟನಾಶಕ ನಿಯಮಗಳು ವಿಧಿಸಿವೆ. ನಿಯಮ ಕಾಗದದ ಮೇಲಿದೆ, ಡ್ರಮ್ಮು ಬಾಗಿಲಲ್ಲಿದೆ. ಸಿಗಡಿ ಒಂದೇ ರಾತ್ರಿಯಲ್ಲಿ ಸತ್ತು ನಮಗೆ ಸುದ್ದಿ ಮುಟ್ಟಿಸಿತು. ಮನುಷ್ಯನ ದೇಹ ಅಷ್ಟು ಬೇಗ ಹೇಳುವುದಿಲ್ಲ. ಹೇಳುವ ಹೊತ್ತಿಗೆ ಕಾರಣ ಯಾವ ಡ್ರಮ್ಮೆಂಬುದು ಯಾರಿಗೂ ನೆನಪಿರುವುದಿಲ್ಲ. ಆ ಮನೆಯ ಯಜಮಾನರಿಗೆ ನನಗೆ ತಿಳಿದಷ್ಟನ್ನು ಹೇಳಿದೆ. “ಚೆನ್ನಾಗಿ ತೊಳೆದಿದ್ದೇವಲ್ಲ, ಸ್ವಾಮಿ, ವಾಸನೆಯೂ ಇಲ್ಲ” ಎಂದರು. ಅವು ನನ್ನವೇ ಮಾತುಗಳು. ಅವರನ್ನು ಒಪ್ಪಿಸಲು ನನ್ನ ಕಥೆಯನ್ನು ಪೂರ್ತಿಯಾಗಿ ಹೇಳಬೇಕಾಯಿತು. ಮರುದಿನ ಆ ಡ್ರಮ್ಮು ಬಾಗಿಲಲ್ಲಿರಲಿಲ್ಲ.

ಅಕ್ಕನ ಮನೆಯ ಡ್ರಮ್ಮು ಮರಳಿ ಕೊಟ್ಟಿಗೆಗೆ ಹೋಯಿತು. ಅದರ ಮೈಮೇಲೆ ‘ಮೈಲುತುತ್ತಕ್ಕೆ ಮಾತ್ರ’ ಎಂದು ನಾನೇ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದೆ. ಹೊಸ ಬಿಳಿಯ ಡ್ರಮ್ಮೊಂದನ್ನು ಕೊಡಿಸಿದೆ. ಅದರ ಮೇಲೆ ಹುಡುಗ ‘ಕಡಲು’ ಎಂದು ಬರೆದನು. ತೊಟ್ಟಿಯ ಸುಣ್ಣದ ಮರಳು ತಾಮ್ರವನ್ನು ಹೀರಿಟ್ಟುಕೊಂಡು ಆಮೇಲೆ ಬಿಡುವುದುಂಟಾದ್ದರಿಂದ ಮರಳನ್ನೆಲ್ಲ ಎಸೆದು, ನೀರನ್ನು ಹಲವು ಬಾರಿ ಬದಲಿಸಿ, ಇದ್ದಿಲಿನಲ್ಲಿ ಸೋಸಿ, ಹನಿಮದ್ದಿನ ಬಣ್ಣ ಏಳದಿರುವವರೆಗೂ ಕಾದು, ಮತ್ತೆ ಮೂರು ಸಿಗಡಿಗಳನ್ನು ತಂದು ಬಿಟ್ಟನು.

ಆಷಾಢದ ಒಂದು ರಾತ್ರಿ ಅವನ ಕರೆ ಬಂದಿತು. ಹಿಂದಿನಿಂದ ಮಳೆಯ ಸದ್ದು ಎಷ್ಟಿತ್ತೆಂದರೆ ಮಾತು ಅರ್ಧ ಕೇಳಿಸುತ್ತಿತ್ತು. “ಮಾವ, ಒಂದು ಸಿಗಡಿ ಸತ್ತು ಬಿದ್ದಿದೆ” ಎಂದನು. ನನಗೆ ಎದೆ ಧಸಕ್ಕೆಂದಿತು. “ದೀಪ ಹಿಡಿದು ಸರಿಯಾಗಿ ನೋಡು” ಎಂದೆ. ಸ್ವಲ್ಪ ಹೊತ್ತು ಮಳೆಯೊಂದೇ ಕೇಳಿಸಿತು. ಆಮೇಲೆ ಅವನು ನಗುವುದು ಕೇಳಿಸಿತು. ಮರಳಿನ ಮೇಲೆ ಬಿದ್ದಿದ್ದುದು ಬರಿಯ ಪೊರೆ. ಮೂರು ಸಿಗಡಿಗಳೂ ಕಲ್ಲಿನ ಮರೆಯಲ್ಲಿದ್ದವು. ಅವುಗಳಲ್ಲೊಂದು ಹಿಂದಿನ ದಿನಕ್ಕಿಂತ ತುಸು ದೊಡ್ಡದಾಗಿತ್ತು.